ಬಂದ್ ಮಾಡಬ್ಯಾಡ್ರಿ: ಹಳೇ ಯಂತ್ರದಲ್ಲಿ ವೆಬ್ ಸರ್ವರ್ ಹೂಡುವವರಿಗೆ ಕೈಪಿಡಿ

(ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ಬೇರೆ ಊರಿನವರು ತಮ್ಮ ಜವಾಬ್ದಾರಿಯ ಮೇಲೆ ಓದುವುದು.)

ಓದುವ ಮುನ್ನ

ಈ ಕೈಪಿಡಿಯನ್ನು ಕೊನೆಯವರೆಗೆ ಓದಿ, ಆಮೇಲೆ ಯಂತ್ರಕ್ಕೆ ಕೈ ಹಚ್ಚಿ. ಕೈಪಿಡಿ ಓದುವ ಪದ್ಧತಿ ನಮ್ಮ ಕಡೆ ಇಲ್ಲವಾದ್ದರಿಂದ ಅತಿ ಮುಖ್ಯವಾದ ಸೂಚನೆಯನ್ನು ಮೊದಲಿಗೇ ಕೊಟ್ಟಿದೆ. ಒಂದು ಬಿಳಿ ಹಾಳೆ, ಒಂದು ಕೆಂಪು ಪೆನ್ನು ತೆಗೆದುಕೊಳ್ಳಿ. “ಇದು ಸರ್ವರ್ ಐತಿ. ಬಂದ್ ಮಾಡಬ್ಯಾಡ್ರಿ” ಎಂದು ದೊಡ್ಡಕ್ಷರದಲ್ಲಿ ಬರೆದು ಯಂತ್ರದ ಮೈಗೆ ಅಂಟಿಸಿ.

ಇದು ಚೇಷ್ಟೆಯಲ್ಲ, ಪರಂಪರೆ. ಜಗತ್ತಿನ ಮೊದಲ ವೆಬ್ ಸರ್ವರನ್ನು ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರ ಕೊನೆಗೆ ಚಾಲೂ ಮಾಡಿದರು. ಆ ನೆಕ್ಸ್ಟ್ ಕಂಪ್ಯೂಟರಿನ ಮೇಲೂ ಕೆಂಪು ಶಾಯಿಯಲ್ಲಿ ಇದೇ ಅರ್ಥದ ಚೀಟಿ ಇತ್ತು. ಪರಮಾಣು ಒಡೆಯುವ ವಿಜ್ಞಾನಿಗಳಿಗೂ ಹೋಗುತ್ತ ಬರುತ್ತ ಸ್ವಿಚ್ ಆರಿಸುವ ಚಟ ಇದ್ದಿರಬೇಕು. ಆ ಯಂತ್ರದ ಪ್ರೊಸೆಸರಿನ ವೇಗ 25 ಮೆಗಾಹರ್ಟ್ಸ್. ನಿಮ್ಮ ಅಟ್ಟದ ಮೇಲೆ ಬಿದ್ದಿರುವ, 2008ರ ಸುಮಾರಿಗೆ ಬಂದ ಆಟಮ್ ಚಿಪ್ಪಿನ ಕಿರು ಲ್ಯಾಪ್‌ಟಾಪಿನದು 1.6 ಗಿಗಾಹರ್ಟ್ಸ್. ಬರೀ ಗಡಿಯಾರದ ಲೆಕ್ಕ ಹಿಡಿದರೂ 64 ಪಟ್ಟು. ಆದ್ದರಿಂದ “ಇದರಾಗ ಶಕ್ತಿ ಇಲ್ರೀ” ಎಂಬ ದೂರನ್ನು ಈ ಕೈಪಿಡಿ ಸ್ವೀಕರಿಸುವುದಿಲ್ಲ. ಯಂತ್ರದೊಳಗೆ ಶಕ್ತಿ ಬೇಕಾದಷ್ಟಿದೆ. ಅದು ಕಡಿಮೆ ಬೀಳುವುದು ಗೋಡೆಯ ಪ್ಲಗ್ಗಿನಲ್ಲಿ.

ಯಂತ್ರದ ಆಯ್ಕೆ

ಕೊಳ್ಳಬೇಡಿ. ಮನೆಯಲ್ಲೇ ಇದೆ. ಅಲ್ಮಾರಿಯ ಹಿಂದೆ ಇದೆ, ಇಲ್ಲವೇ ಡಿಪ್ಲೊಮಾ ಮುಗಿಸಿ ಬೆಂಗಳೂರು ಸೇರಿದ ತಮ್ಮನ ಟ್ರಂಕಿನಲ್ಲಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಇಂಥ ನಿರಾಶ್ರಿತ ಯಂತ್ರಗಳ ಸಂಖ್ಯೆ ಇನ್ನೂ ಏರಿದೆ. ರಿಪೇರಿ ಅಂಗಡಿಯವ ಮುಚ್ಚಳ ತೆಗೆದು ನೋಡಿ “ಇದರಾಗ ಹೊಸಾದು ಕೂಡೂದಿಲ್ರೀ, ಬ್ಯಾರೇದು ತಗೋರಿ” ಅಂದನೋ, ಅದೇ ನಿಮಗೆ ಬೇಕಾದ ಯಂತ್ರ.

ಟವರ್ ಮತ್ತು ಲ್ಯಾಪ್‌ಟಾಪ್ ಎರಡೂ ಸಿಕ್ಕರೆ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಕಾರಣ ಕರೆಂಟಿನ ಲೆಕ್ಕದಲ್ಲಿದೆ. ಹಳೇ ಪೆಂಟಿಯಮ್ ಟವರ್ 100 ವ್ಯಾಟ್ ಎಳೆಯುತ್ತದೆ ಎನ್ನಿ; ಹಗಲೂ ರಾತ್ರಿ ಉರಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಮುಚ್ಚಳ ಮುಚ್ಚಿದ ಲ್ಯಾಪ್‌ಟಾಪ್ 15 ವ್ಯಾಟ್ ಎಳೆದರೆ ತಿಂಗಳಿಗೆ ಸುಮಾರು 11 ಯೂನಿಟ್. “ಗೃಹಜ್ಯೋತಿ ಐತಲ್ಲ, 200 ಯೂನಿಟ್ ಪುಕ್ಕಟೆ” ಎಂದು ಕುಣಿಯಬೇಡಿ. ನಿಮ್ಮ ಮನೆಯ ಪಾಲು 200 ಅಲ್ಲ. 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದರೆ ಎಷ್ಟೋ ಅಷ್ಟು. 200 ಎಂಬುದು ಮೇಲಿನ ಮಿತಿ. ತಿಂಗಳಿಗೆ 110 ಯೂನಿಟ್ ಸರಾಸರಿ ಇದ್ದ ಮನೆಗೆ ಹೆಚ್ಚುವರಿ ಸಿಗುವುದು ಸರಿಯಾಗಿ 11. ಅಂದರೆ ಸರ್ಕಾರ ಆ ಮನೆಗೆ ತನಗರಿವಿಲ್ಲದೇ ಒಂದು ಲ್ಯಾಪ್‌ಟಾಪ್ ಸರ್ವರ್ ಮಂಜೂರು ಮಾಡಿದೆ. ಟವರ್ ಮಂಜೂರು ಮಾಡಿಲ್ಲ.

ಲ್ಯಾಪ್‌ಟಾಪಿನ ಇನ್ನೊಂದು ಗುಣ ಬ್ಯಾಟರಿ. ಮುಪ್ಪಿನ ಬ್ಯಾಟರಿ ಅರ್ಧ ತಾಸು ತಡೆದರೂ ಕರೆಂಟ್ ಹೋಗಿ ಬರುವ ಸಣ್ಣ ಆಟಗಳನ್ನು ದಾಟಿಸುತ್ತದೆ. ಬ್ಯಾಟರಿ ಉಬ್ಬಿ ಕೀಬೋರ್ಡನ್ನು ಮೇಲೆತ್ತಿದ್ದರೆ ಮಾತ್ರ ಕೂಡಲೇ ತೆಗೆಸಿ. ಈ ಒಂದು ವಿಷಯದಲ್ಲಿ ತಮಾಷೆ ಇಲ್ಲ, ಅದು ಹೊತ್ತಿಕೊಳ್ಳುತ್ತದೆ. ಸರ್ವರ್ ಬ್ಯಾಟರಿಯ ಮೇಲೆ ಬದುಕಿದ್ದು ರೌಟರ್ ಸತ್ತರೆ ಏನೂ ಉಪಯೋಗವಿಲ್ಲ. ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಬೇರೆ ಕೊಡಿ. ಗಜೇಂದ್ರಗಡದ ಬಳಕೆದಾರರಿಗೆ ವಿಶೇಷ ಸೂಚನೆ: ಸುತ್ತಲ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಭರ್ತಿ ತಿರುಗುತ್ತಿರುವಾಗಲೇ ಕೆಳಗೆ ಓಣಿಯಲ್ಲಿ ಕರೆಂಟ್ ಇಲ್ಲದಿರುವುದು ಯಂತ್ರದ ದೋಷವಲ್ಲ. ಆ ವಿದ್ಯುತ್ತು ಗ್ರಿಡ್ಡಿಗೆ ಹೋಗುತ್ತದೆ. ಗುಡ್ಡದಿಂದ ನಿಮ್ಮ ಮನೆಗೆ ನೇರ ತಂತಿ ಇಲ್ಲ.

ಕಡಿಮೆ ಶಕ್ತಿಯ ಯಂತ್ರದಲ್ಲಿ ಲಿನಕ್ಸ್ ಓಡಿಸುವುದು ಈ ರಾಜ್ಯಕ್ಕೆ ಹೊಸದೇನಲ್ಲ. 2001ರ ಹೊತ್ತಿಗೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಕೂಡಿ ಸಿಂಪ್ಯೂಟರ್ ಎಂಬ ಅಂಗೈ ಯಂತ್ರ ಮಾಡಿದ್ದರು. 32 ಇಲ್ಲವೇ 64 ಎಂಬಿ ಮೆಮೊರಿ, ಒಳಗೆ ಲಿನಕ್ಸ್, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಬಾಯಿ. ಭೂಮಿ ಯೋಜನೆಯ ಬೆಳೆ ದಾಖಲೆಗೆಂದು ಗ್ರಾಮ ಲೆಕ್ಕಿಗರ ಕೈಗೂ ಕೆಲವು ಬಂದವು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಅದು ಬೇರೆ ದುಃಖ. ನಿಮ್ಮ ಲ್ಯಾಪ್‌ಟಾಪಿನಲ್ಲಿ 1 ಜಿಬಿ ಇದ್ದರೂ ಆ 64 ಎಂಬಿಯ 16 ಪಟ್ಟಾಯಿತು.

ಧೂಳು

ಎರೆ ಭೂಮಿಯ ಊರಿನ ಯಂತ್ರ ತೆರೆದರೆ ಒಳಗೆ ಕಡಲೆ ಬಿತ್ತಬಹುದು. ಫ್ಯಾನಿನ ರೆಕ್ಕೆಗೆ ಕಡ್ಡಿ ಅಡ್ಡ ಹಿಡಿದು ಬ್ಲೋವರ್ ಹೊಡೆಯಿರಿ. ಹಿಡಿಯದಿದ್ದರೆ ರೆಕ್ಕೆ ಹುಚ್ಚುಹುಚ್ಚಾಗಿ ತಿರುಗಿ ಬೇರಿಂಗ್ ಹೋಗುತ್ತದೆ. ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಕೆರೆದು ಹೊಸದು ಹಚ್ಚಿ, ಕಡಲೆಕಾಳಿನಷ್ಟು ಸಾಕು. ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಸೆಲ್ಲನ್ನೂ ಬದಲಿಸಿ. ಸಿಆರ್ 2032 ಎಂದರೆ ವಾಚ್ ರಿಪೇರಿಯವನೂ ಕೊಡುತ್ತಾನೆ. ಅದು ಸತ್ತಿದ್ದರೆ ಯಂತ್ರ ಪ್ರತಿ ಸಲ ಎಚ್ಚರಾದಾಗಲೂ ಹತ್ತು ಹದಿನೈದು ವರ್ಷ ಹಿಂದಿನ ಜನವರಿ 1 ಎಂದು ನಂಬುತ್ತದೆ. ಹಾಗೆ ನಂಬಿದ ಯಂತ್ರಕ್ಕೆ ಇವತ್ತಿನ ಭದ್ರತಾ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಯೇ ಇಲ್ಲ. ಯಾವುದನ್ನೂ ಒಪ್ಪುವುದಿಲ್ಲ, ಯಾಕೆಂದೂ ಹೇಳುವುದಿಲ್ಲ.

ಜಾಗ

ಮೇಲ್ಮುದ್ದೆಯ ಹಳೇ ಮನೆ ಇದ್ದರೆ ನೀವು ಪುಣ್ಯವಂತರು. ಏಪ್ರಿಲ್ಲಿನ ಬಿಸಿಲಿಗೂ ಒಳಗೆ ತಂಪು. ದಪ್ಪ ಗೋಡೆಯ ಗೂಡು ಲ್ಯಾಪ್‌ಟಾಪಿನ ಅಳತೆಗೇ ಮಾಡಿಟ್ಟದ್ದು. ಆರ್‌ಸಿಸಿ ಮನೆಯಾದರೆ ಮಹಡಿಯ ಕೋಣೆ ಬೇಡ. ಗಾದಿಯ ಮೇಲೆ ಇಡಬೇಡಿ. ಹಗೇವಿನಲ್ಲಿ ಇಡುವ ವಿಚಾರ ಜಾಣರಿಗೆ ಬಂದೇ ಬರುತ್ತದೆ: ತಂಪೇನೋ ಇದೆ, ಗಾಳಿ ಇಲ್ಲ, ವೈಫೈ ಇಲ್ಲ, ಇಳಿದವರು ಮೇಲೆ ಬರುವ ಖಾತರಿಯೂ ಇಲ್ಲ.

ಮನೆಯೊಳಗಿನ ಒಪ್ಪಂದ

ಇದು ಈ ಕೈಪಿಡಿಯ ಕಠಿಣ ಭಾಗ. ಡೆಬಿಯನ್ ಎಂಬ ಲಿನಕ್ಸ್ ಇಳಿಸುವುದು ಇದರ ಮುಂದೆ ಏನೂ ಅಲ್ಲ.

1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿದ್ದರಿಂದ ಬೆಳೆದ ಮರಾಠ–ಮೈಸೂರು ಜಗಳ 1787ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಯಿತು. ನರಗುಂದದಿಂದ ಗಜೇಂದ್ರಗಡ ತಲುಪಲು ಎರಡು ವರ್ಷ ಹಿಡಿಯಿತು. ಪ್ಲಗ್ ಪಾಯಿಂಟಿನ ಜಗಳ ಅಷ್ಟು ದೂರ ಹೋಗದಂತೆ ಮೊದಲೇ ಮಾತಾಡಿಕೊಳ್ಳಿ. ಮಾತುಕತೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಏನೋ ಅದು, ಹಗಲೂ ರಾತ್ರಿ ಗುಂಯ್ ಅನ್ನಾಕತ್ತೈತಿ?”

“ಸರ್ವರ್ ಬೇ ಯವ್ವಾ.”

“ಅದರಾಗ ಏನ್ ಬರ್ತೈತಿ?”

“ಏನೂ ಬರೂದಿಲ್ಲ ಬೇ. ಮಂದಿ ಬಂದು ನೋಡ್ತಾರ.”

“ಯಾವ ಮಂದಿ? ನಾ ಒಬ್ಬರನೂ ಕಂಡಿಲ್ಲ.”

“ಅಮೇರಿಕಾದಾಗ ಕುಂತೂ ನೋಡಬಹುದು.”

“ಹಂಗಾರ ಬಿಲ್ಲ ಅವರ ಕಟ್ಟಲಿ.”

ಈ ಕೊನೆಯ ಮಾತಿಗೆ ಉತ್ತರವಿಲ್ಲ, ಹುಡುಕಬೇಡಿ. ನೇರ ಕರಾರಿಗೆ ಬನ್ನಿ. ಮಿಕ್ಸಿಯ ಪಾಯಿಂಟು ಮಿಕ್ಸಿಗೇ ಇರತಕ್ಕದ್ದು. ಶೇಂಗಾ ಚಟ್ನಿಯ ಹೊತ್ತಿಗೆ ಯಾವ ಸರ್ವರಿಗೂ ಆದ್ಯತೆ ಇಲ್ಲ. ಸರ್ವರಿಗೆ ಪ್ರತ್ಯೇಕ ಬೋರ್ಡು, ಆ ಬೋರ್ಡು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಖಂಡೇ ಪೂಜೆಯ ದಿನ ವಿಭೂತಿ ಕುಂಕುಮ ಮುಚ್ಚಳದ ಮೇಲೆ ಮಾತ್ರ. ಗಾಳಿ ಹೊರಬರುವ ಕಿಂಡಿಗೆ ಹಚ್ಚಬಾರದು, ನೀರು ಚಿಮುಕಿಸಬಾರದು. ಅವತ್ತು ಆಯುಧಗಳಿಗೆಲ್ಲ ವಿಶ್ರಾಂತಿ, ಸರ್ವರಿಗೂ ಕೊಡು ಎಂದು ಹಿರಿಯರು ಪಟ್ಟು ಹಿಡಿದರೆ ಕೊಟ್ಟುಬಿಡಿ. ವರ್ಷಕ್ಕೊಂದು ದಿನ ಬಂದ್ ಇದ್ದರೂ ಶೇಕಡ 99.7 ಚಾಲೂ ಇದ್ದ ಲೆಕ್ಕ. ಮಿಕ್ಕ 364 ದಿನಕ್ಕೆ ಅವರ ಸಹಿ ಪಡೆಯಿರಿ.

ಡೆಬಿಯನ್ ಇಳಿಸುವುದು

(ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಒತ್ತಿ. ಕನ್ನಡದಲ್ಲೇ ಒತ್ತಿದರೆ ಯಂತ್ರ ಆದೇಶ ಸಿಗಲಿಲ್ಲ ಎನ್ನುತ್ತದೆ.)

ಮೊದಲು ಯಂತ್ರ 32 ಬಿಟ್ಟಿನದೋ 64 ಬಿಟ್ಟಿನದೋ ತಿಳಿಯಿರಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ಟಿನ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಅಂಥ ಯಂತ್ರಕ್ಕೆ 2023ರ ಡೆಬಿಯನ್ 12 ಹಾಕಿ. ಪೆನ್‌ಡ್ರೈವಿಗೆ ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಪ್ರತಿ ಬರೆದು ಬೂಟ್ ಮಾಡಿ. ಕೇಳಿದ್ದಕ್ಕೆಲ್ಲ ಹ್ಞೂಂ ಅನ್ನುತ್ತ ಹೋಗಿ, ಒಂದು ಕಡೆ ಮಾತ್ರ ನಿಲ್ಲಿ: ಯಾವ ಯಾವ ತಂತ್ರಾಂಶ ಬೇಕು ಎಂದು ಪಟ್ಟಿ ಬರುತ್ತದೆ. ಅಲ್ಲಿ ಡೆಸ್ಕ್‌ಟಾಪ್ ಎದುರಿನ ಗುರುತು ತೆಗೆದುಹಾಕಿ. ಎಸ್‌ಎಸ್‌ಎಚ್ ಸರ್ವರ್ ಮತ್ತು ಸಾಮಾನ್ಯ ಉಪಕರಣಗಳು, ಇವೆರಡೇ ಇರಲಿ. ಚಿತ್ರ, ಬಣ್ಣ, ಬಾಣದ ಗುರುತು ಏನೂ ಇಲ್ಲದ ಕಪ್ಪು ಪರದೆ ಬರುತ್ತದೆ. ಮನೆಯವರು “ಕೆಟ್ಟು ಹೋತು” ಅನ್ನುತ್ತಾರೆ. ಇಲ್ಲ, ಈಗ ಸರಿಯಾಯಿತು.

ಆ ಕಪ್ಪು ಪರದೆಗೆ ಕನ್ನಡ ಬಾರದು. ಲಿನಕ್ಸ್ ಕನ್ಸೋಲಿನಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ 512 ಅಕ್ಷರರೂಪ. ನಮ್ಮ ಕಾಗುಣಿತ, ಒತ್ತಕ್ಷರ ಅದರಲ್ಲಿ ಹಿಡಿಸುವುದಿಲ್ಲ, ಕೂಡಿಸಿ ಬರೆಯುವ ಬುದ್ಧಿಯೂ ಅದಕ್ಕಿಲ್ಲ. ಹಾಗೆಂದು ಎದೆಗುಂದಬೇಡಿ. ತಾನು ಓದಲಾರದ ಕನ್ನಡವನ್ನು ಒಂದಕ್ಷರ ಕೆಡಿಸದೆ ಜಗತ್ತಿಗೆಲ್ಲ ಹಂಚುವ ಕೆಲಸವನ್ನು ಅದು ನಿಷ್ಠೆಯಿಂದ ಮಾಡುತ್ತದೆ. ಕೆಲವು ಕಚೇರಿಗಳಿಗಿಂತ ವಾಸಿ.

ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ದೆ ಹೋಗುತ್ತದೆ. ಲಾಗಿನ್‌ಡಿ ಸಂರಚನೆಯ ಕಡತ ತೆರೆದು ‘ಹ್ಯಾಂಡಲ್ ಲಿಡ್ ಸ್ವಿಚ್’ ಎಂಬ ಸಾಲಿಗೆ ‘ಇಗ್ನೋರ್’ ಎಂದು ಬರೆಯಿರಿ. ಆಮೇಲೆ ಮುಚ್ಚಿ ಗೂಡಿನಲ್ಲಿಟ್ಟು, ಎಲ್ಲ ಕೆಲಸವನ್ನೂ ಫೋನಿನಿಂದಲೇ ಎಸ್‌ಎಸ್‌ಎಚ್ ಮೂಲಕ ಮಾಡಿ.

ಪರದೆ, ಮೌಸ್, ಸ್ಪೀಕರ್

ಬೇಡ.

ಹೆಸರಿಡುವುದು

ಇನ್‌ಸ್ಟಾಲರ್ ಯಂತ್ರಕ್ಕೊಂದು ಹೆಸರು ಕೇಳುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ, 63 ಅಕ್ಷರ ಮೀರುವಂತಿಲ್ಲ. ರೋಣದವರಿಗೆ ಭೀಮಸೇನ ಎಂದಿಡುವ ಆಸೆ ಸಹಜ. ಜೋಶಿಯವರು 1922ರಲ್ಲಿ ಹುಟ್ಟಿದ್ದು ಅಲ್ಲೇ. ಆದರೆ ಅವರು ಗುರುವನ್ನು ಹುಡುಕಿಕೊಂಡು ಹನ್ನೊಂದರ ವಯಸ್ಸಿಗೆ ಹೇಳದೇ ಕೇಳದೇ ಮನೆ ಬಿಟ್ಟು ಹೋದವರು. ಸಂಗೀತಕ್ಕೆ ಅದರಿಂದ ಲಾಭವಾಯಿತು, ಸರ್ವರಿಗೆ ಆ ಗುಣ ಬರುವುದು ಬೇಡ. ನರಗುಂದದವರು ಬಾಬಾಸಾಹೇಬ ಎಂದಿಡಬಹುದು. 1858ರಲ್ಲಿ ಕಂಪನಿ ಸರ್ಕಾರದ ಮೇಲೆ ತಿರುಗಿ ಬಿದ್ದವರ ಹೆಸರಿನ ಯಂತ್ರ ಒಡೆಯನ ಆದೇಶವನ್ನು ಎಷ್ಟರಮಟ್ಟಿಗೆ ಕೇಳುತ್ತದೆ ಎಂಬುದನ್ನು ಯೋಚಿಸಿ. ನಮ್ಮ ಶಿಫಾರಸು ಗಜೇಂದ್ರಗಡದ ಪಕ್ಕದ ಕಾಲಕಾಲೇಶ್ವರ. ಆ ಗುಡ್ಡದ ಗುಡಿಯ ಅಂತರಗಂಗೆ ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಸರ್ವರಿನಿಂದ ಕೇಳುವುದೂ ಅಷ್ಟೇ.

ಪುಟ ಕಟ್ಟುವುದು

‘ಆಪ್ಟ್ ಇನ್‌ಸ್ಟಾಲ್’ ಎಂದು ಹೇಳಿ ಎಂಜಿನ್-ಎಕ್ಸ್ ಹಾಕಿಕೊಳ್ಳಿ. ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಹೊರಬಿಟ್ಟ ಈ ತಂತ್ರಾಂಶ ಒಂದೇ ಹೊತ್ತಿಗೆ ಹತ್ತು ಸಾವಿರ ಸಂಪರ್ಕ ನಿಭಾಯಿಸಲೆಂದು ಹುಟ್ಟಿದ್ದು. ನಿಮಗೆ ಬರುವವರು ಹತ್ತು ಮಂದಿ. ಹೆದರಿಕೆ ಇಲ್ಲ.

ವರ್ಡ್‌ಪ್ರೆಸ್ ಹಾಕಬೇಡಿ. ಒಂದು ಪುಟ ತೋರಿಸಲು ಪ್ರತಿ ಸಲ ಪಿಎಚ್‌ಪಿಯನ್ನೂ ದತ್ತಸಂಚಯವನ್ನೂ ಎಬ್ಬಿಸುವುದು ಈ ವಯಸ್ಸಿನ ಯಂತ್ರಕ್ಕೆ ಮಾಡುವ ಹಿಂಸೆ. ಬರೀ ಎಚ್‌ಟಿಎಂಎಲ್ ಪುಟ ಬರೆದಿಡಿ. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್. ರೋಣ 9 ಬೈಟ್, ನರಗುಂದ 18, ಗಜೇಂದ್ರಗಡ 27. ಮೂರೂ ತಾಲ್ಲೂಕು ಸೇರಿ 54 ಬೈಟ್. ಇನ್ನು ಅವುಗಳ ಇತಿಹಾಸ ಬರೆದರೂ ಒಂದು ಮೊಬೈಲ್ ಫೋಟೊದಷ್ಟು ಆಗುವುದಿಲ್ಲ. 1980ರ ಜುಲೈ 21ರ ನರಗುಂದದ ಗೋಲಿಬಾರಿನ ಬಗ್ಗೆ, ಮಲಪ್ರಭೆಯ ನೀರಿನ ಕರದ ಬಗ್ಗೆ ಹಿರಿಯರು ಹೇಳಿದ್ದನ್ನು ಇಡೀ ಬರೆದು ಹಾಕಿ, 20 ಕಿಲೋಬೈಟಿನಲ್ಲಿ ಮುಗಿಯುತ್ತದೆ. ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕಡತವಿದ್ದರೆ ಯೂನಿಕೋಡಿಗೆ ಬದಲಿಸಿಯೇ ಹಾಕಿ. ಇಲ್ಲವಾದರೆ ಓದುಗನಿಗೆ ಕಾಣುವುದು ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಎಂಜಿನ್-ಎಕ್ಸಿನ ಸಂರಚನೆಯಲ್ಲೂ ಅಕ್ಷರ ಸಂಕೇತ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿ.

ಚಿತ್ರ ಬೇಕೇ ಬೇಕು ಎನ್ನುವವರಿಗೆ: ಗಜೇಂದ್ರಗಡದ ಪಟ್ಟೇದಂಚಿನ ಸೀರೆಯ ಫೋಟೊ ತೆಗೆದರೆ 4 ಎಂಬಿ. ಅದೇ ಸೀರೆಯ ಚೌಕುಳಿ ಮೈಯನ್ನೂ ದಪ್ಪ ಅಂಚನ್ನೂ ಸಿಎಸ್‌ಎಸ್‌ನ ಪಟ್ಟೆಗಳಿಂದ ಪುಟದ ಹಿನ್ನೆಲೆಯಾಗಿ ನೇಯ್ದರೆ 1 ಕಿಲೋಬೈಟೂ ಆಗುವುದಿಲ್ಲ. ಹಾಸು ಎಳೆ, ಹೊಕ್ಕು ಎಳೆ ಎರಡನ್ನೂ ಎಣಿಸಿ ಬರೆಯಬೇಕಾದ ಕೆಲಸ. ನೇಕಾರರ ಮನೆಯ ಹುಡುಗರಿಗೆ ಇದು ಎಂಜಿನಿಯರುಗಳಿಗಿಂತ ಬೇಗ ಹತ್ತುತ್ತದೆ ಎಂದು ನನ್ನ ಖಾತ್ರಿ.

ಹೊರಗಿನ ದಾರಿ

ಈಗ ಮನೆಯ ವೈಫೈಯಲ್ಲಿ ಪುಟ ಕಾಣುತ್ತದೆ, ಮನೆಯ ಹೊರಗೆ ಕಾಣುವುದಿಲ್ಲ. ರೌಟರಿನಲ್ಲಿ ನಿಮ್ಮ ಹೊರ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ಆ ವಿಳಾಸ ನಿಮ್ಮದಲ್ಲ. ಕಂಪನಿಯವರು ಎಷ್ಟೋ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸಿದ್ದಾರೆ. ಪೋರ್ಟ್ ಎಷ್ಟು ತೆರೆದರೂ ಹೊರಗಿನವರು ಒಳಗೆ ಬರಲಾರರು. ಗ್ರಾಹಕ ಸೇವೆಗೆ ಫೋನ್ ಮಾಡಿ “ಪಬ್ಲಿಕ್ ಐಪಿ” ಎಂದು ಕೇಳಬಹುದು. ರೌಟರ್ ಆರಿಸಿ ಹಚ್ಚಿ ಎಂಬ ಉತ್ತರ ಬರುತ್ತದೆ. ಐಪಿವಿ6 ಇದ್ದರೆ ಅದರ ಮೂಲಕ ಪುಟ ತೋರಿಸಬಹುದು, ಇಲ್ಲವೇ ಸರ್ವರಿನಿಂದಲೇ ಹೊರಗೆ ಸುರಂಗ ಕೊರೆಯುವ ಸೇವೆ ಬಳಸಬಹುದು. ವಿಳಾಸ ಸಿಕ್ಕ ಮೇಲೆ ಲೆಟ್ಸ್ ಎನ್‌ಕ್ರಿಪ್ಟ್‌ನವರಿಂದ ಪುಕ್ಕಟೆ ಪ್ರಮಾಣಪತ್ರ ತರಿಸಿ. ಅದರ ಆಯುಷ್ಯ 90 ದಿನ, ನವೀಕರಣ ಯಂತ್ರದ ಕೆಲಸ, ನೀವು ನೆನಪಿಡಬೇಕಿಲ್ಲ.

ಹೊರಗೆ ಕಾಣಲೇಬೇಕೆಂಬ ಹಟ ಯಾಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ತುಮಕೂರಿನ ದೇವರಾಯನದುರ್ಗದಲ್ಲಿ ಜನಸ್ತು ಎಂಬ ಸಂಸ್ಥೆಯವರು ಊರೊಳಗೇ ವೈಫೈ ಜಾಲ ಹೆಣೆದು, ಪುಟ್ಟ ಸರ್ವರುಗಳಲ್ಲಿ ಊರವರ ಮಾತು ಕಥೆಗಳನ್ನು ಇಟ್ಟಿದ್ದಾರೆ. ಊರಿನ ಮಾತು ಊರಿನವರಿಗೆ ಸಿಕ್ಕರೆ ಮೊದಲ ಕೆಲಸ ಆದಂತೆಯೇ. ಎಲ್ಲೋ ದೂರದ ಬಾಡಿಗೆ ಸರ್ವರ್ ಇದಕ್ಕಿಂತ ಗಟ್ಟಿ, ಅದು ಗೊತ್ತಿದ್ದದ್ದೇ. ಬಾಡಿಗೆ ಕಟ್ಟುವುದು ಮರೆತ ತಿಂಗಳು ನರಗುಂದದ ಹಿರಿಯರ ಮಾತು ಎಲ್ಲಿ ಹೋಯಿತೆಂದು ಕೇಳಲು ಅಲ್ಲಿ ಯಾರೂ ಸಿಗುವುದಿಲ್ಲ.

ಬಾಗಿಲು ಬಡಿಯುವವರು

ಹೊರಗೆ ತೆರೆದ ದಿನವೇ ದಾಖಲೆಯ ಕಡತ ತುಂಬತೊಡಗುತ್ತದೆ. ಯಾವ್ಯಾವುದೋ ದೇಶದ ವಿಳಾಸಗಳಿಂದ ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರು ಹೇಳಿಕೊಂಡು ಒಳಗೆ ಬರಲು ನೋಡುತ್ತಾರೆ. ಇವರು ಓದುಗರಲ್ಲ, ಮನುಷ್ಯರೂ ಅಲ್ಲ. ಇಡೀ ಜಗತ್ತಿನ ಬಾಗಿಲು ತಟ್ಟುತ್ತ ಹೋಗುವ ಯಂತ್ರಗಳು. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬಂದ್ ಮಾಡಿ ಕೀಲಿ ಕಡತದಿಂದ ಮಾತ್ರ ಬಿಡಿ. ಫೇಲ್-ಟು-ಬ್ಯಾನ್ ಹಾಕಿದರೆ ಮತ್ತೆ ಮತ್ತೆ ತಪ್ಪಿದವರನ್ನು ಅದೇ ಹೊರಗಿಡುತ್ತದೆ. ಮನೆಯವರಿಗೆ ಭೇಟಿಗಳ ಸಂಖ್ಯೆ ಹೇಳುವಾಗ ಇವರನ್ನೂ ಸೇರಿಸಿ ಹೇಳುವುದು ಅಥವಾ ಬಿಡುವುದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು.

ಸುಣ್ಣ

ಕಾಲಕಾಲೇಶ್ವರದ ಬಗ್ಗೆ ಈ ಸೀಮೆಯಲ್ಲೊಂದು ನಂಬಿಕೆ ಇದೆ: ಯುಗಾದಿಯ ಹಿಂದಿನ ರಾತ್ರಿ ಗುಡಿಯೊಳಗೆ ಸುಣ್ಣ ಮತ್ತು ಕುಂಚ ಇಟ್ಟು ಬಾಗಿಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಸುಣ್ಣ ಬಳಿದಿರುತ್ತದಂತೆ. ಡೆಬಿಯನ್ನಿನ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಮಾಡುವುದು ಅದನ್ನೇ, ಅದೂ ನಿತ್ಯ. ಭದ್ರತೆಯ ತಿದ್ದುಪಡಿಗಳನ್ನು ತಾನೇ ತಂದು, ಯಾರೂ ನೋಡದ ಹೊತ್ತಿನಲ್ಲಿ ಬಳಿದು ಮುಗಿಸಿರುತ್ತದೆ. ಒಮ್ಮೆ ಹಾಕಿ ಮರೆಯಿರಿ. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಎಂದು ಲೆಕ್ಕ. ಅಷ್ಟರಲ್ಲಿ ತಮ್ಮನ ಇನ್ನೊಂದು ಲ್ಯಾಪ್‌ಟಾಪ್ ಹಳೆಯದಾಗಿರುತ್ತದೆ.

ಪ್ರತಿ ಇಡುವುದು

ಕೈಪಿಡಿ ಮೂರು ತಾಲ್ಲೂಕಿಗೆ ಯಾಕೆ ಎಂದು ಕೇಳಿದವರಿಗೆ ಉತ್ತರ ಇಲ್ಲಿದೆ. ಹಳೇ ಡಿಸ್ಕು ಒಂದು ದಿನ ಟಿಕ್ ಟಿಕ್ ಅನ್ನಲು ಶುರುಮಾಡಿ ಮರುದಿನ ಸುಮ್ಮನಾಗುತ್ತದೆ. ಆದ್ದರಿಂದ ರೋಣದ ಸರ್ವರಿನ ಪ್ರತಿ ನರಗುಂದದಲ್ಲಿ, ನರಗುಂದದ್ದು ಗಜೇಂದ್ರಗಡದಲ್ಲಿ, ಗಜೇಂದ್ರಗಡದ್ದು ರೋಣದಲ್ಲಿ ಇರಲಿ. ಆರ್‌ಸಿಂಕ್ ಎಂಬ ಉಪಕರಣ ಬದಲಾದ ಭಾಗವನ್ನಷ್ಟೇ ರಾತ್ರಿ ಹೊತ್ತು ಕಳಿಸುತ್ತದೆ. ಮೂರೂ ಊರಲ್ಲಿ ಒಂದೇ ಹೊತ್ತಿಗೆ ಕರೆಂಟ್ ಹೋಗುವುದು ಅಪರೂಪ.

ಮೊದಲ ಸಲದ ದೊಡ್ಡ ಪ್ರತಿಯನ್ನು ಮಾತ್ರ ಇಂಟರ್ನೆಟ್ಟಿನಲ್ಲಿ ಕಳಿಸಬೇಡಿ, ಬಸ್ಸಿನಲ್ಲಿ ಕಳಿಸಿ. 64 ಜಿಬಿಯ ಪೆನ್‌ಡ್ರೈವ್ ರೋಣದಿಂದ ಗಜೇಂದ್ರಗಡಕ್ಕೆ ಒಂದು ತಾಸಿನಲ್ಲಿ ಮುಟ್ಟಿದರೆ ಸೆಕೆಂಡಿಗೆ 140 ಮೆಗಾಬಿಟ್ ಮೀರಿದ ವೇಗ ಬರುತ್ತದೆ. ನಡುವೆ ಮಿರ್ಚಿ-ಗಿರಮಿಟ್ಟಿಗೆ ಇಳಿದು ಮುಂದಿನ ಬಸ್ಸು ಹಿಡಿದು, ಎರಡು ತಾಸು ಮಾಡಿದರೂ 70 ಉಳಿಯುತ್ತದೆ. ಒಯ್ಯುವವರು ಪೆನ್‌ಡ್ರೈವನ್ನು ಅಂಗಿಯ ಎದೆ ಜೇಬಿನಲ್ಲಿ ಇಡತಕ್ಕದ್ದು. ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತದ್ದರಿಂದ ಆಗುವ ದತ್ತಾಂಶ ಹಾನಿಗೆ, ಇತರೆ ಹಾನಿಗೆ ಈ ಕೈಪಿಡಿ ಹೊಣೆಯಲ್ಲ.